ಕರಿಯನಿಗೆ ಹಾವೇ ಕಡಿದಿತ್ತಾ?

ನಾನಿರುವ ಟೊಲೆಡೊ, ಅಮೆರಿಕದ ಈರಿ ಸರೋವರದ ದಂಡೆಯ ಊರು. 2014ರ ಆಗಸ್ಟ್‌ನಲ್ಲಿ ಇಲ್ಲಿ ನಲ್ಲಿ ನೀರು ಕುಡಿಯಬೇಡಿ, ಕುದಿಸಿಯೂ ಕುಡಿಯಬೇಡಿ ಎಂದು ಸಾರಿದ್ದರು. ಸರೋವರದ ಪಾಚಿಯ ವಿಷ ನಲ್ಲಿಗೇ ಬಂದಿತ್ತು. ಕುದಿಸಿದರೆ ಆ ವಿಷ ಹೋಗುವುದಿಲ್ಲ, ನೀರು ಬತ್ತಿ ಇನ್ನೂ ಜಾಸ್ತಿಯಾಗುತ್ತದೆ. ಪಾಚಿ ಬಂದರೆ ಇಲ್ಲಿ ದಂಡೆಯಲ್ಲಿ ಬೋರ್ಡ್ ಹಾಕುತ್ತಾರೆ: ಮಕ್ಕಳು, ನಾಯಿ ನೀರಿಗಿಳಿಯಬಾರದು.

ನಮ್ಮೂರು ಕೊಪ್ಪಳ ಜಿಲ್ಲೆಯ ಗಂಗಾವತಿ ಕಡೆ. ತುಂಗಭದ್ರೆಯ ಎಡದಂಡೆ ಕಾಲುವೆ, ಭತ್ತ, ಚೀಲಗಟ್ಟಲೆ ಗೊಬ್ಬರ. ಗದ್ದೆಯಿಂದ ಬಸಿದ ನೀರೆಲ್ಲ ಹಳ್ಳಕ್ಕೆ. ಬೇಸಿಗೆಗೆ ಹಳ್ಳ ನಿಂತು ಹೊಂಡಗಳಾಗುತ್ತವೆ, ಮೇಲೆ ಹಸಿರು ಪೇಂಟ್ ಚೆಲ್ಲಿದ ಹಾಗೆ ಪಾಚಿ. ಈರಿಯ ಕತೆಯೂ ಇದೇ, ಹೊಲದ ಗೊಬ್ಬರವನ್ನು ಮೌಮೀ ನದಿ ಹೊತ್ತು ತರುತ್ತದೆ.

ನಾನು ಚಿಕ್ಕವನಿದ್ದಾಗ ನಮ್ಮ ನಾಯಿ ಕರಿಯ ಅಂಥದೊಂದು ಹೊಂಡದಲ್ಲಿ ಹೊರಳಾಡಿ ಬಂದು, ಮೈ ನೆಕ್ಕಿಕೊಳ್ಳುತ್ತಾ ಕಟ್ಟೆ ಮೇಲೆ ಮಲಗಿದ್ದ. ಸ್ವಲ್ಪ ಹೊತ್ತಿಗೆ ಜೊಲ್ಲು, ನಡುಕ, ಕಾಲು ಸೆಟೆದವು. ದೀಪ ಹಚ್ಚುವ ಮೊದಲೇ ಹೋದ. "ಹಾವು ಮುಟ್ಟೈತಿ" ಎಂದರು ಕಾಕಾ. ಊರಲ್ಲಿ ನಾಯಿ ಸತ್ತರೆ ಹಾವು, ಇಲ್ಲಾ ಯಾರೋ ವಿಷ ಹಾಕಿದರು. ನೀರಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಪಾಚಿಯ ವಿಷದಲ್ಲೂ ಎರಡು ಬಗೆ: ನರಕ್ಕೆ ಏರುವುದು ಗಂಟೆಯೊಳಗೇ ಕೊಲ್ಲಬಲ್ಲದು, ಲಿವರ್‌ಗೆ ಇಳಿಯುವುದು ನಿಧಾನ.

ಹಾಗಂತ ನಮ್ಮೂರಿಗೆ ಬೋರ್ಡ್ ಬರಲಿ ಎನ್ನುತ್ತಿಲ್ಲ. ಬಂದರೂ ಆಡು ಮೈ ಉಜ್ಜಿಕೊಳ್ಳಲು ಒಂದು ಕಂಬ ಸಿಕ್ಕೀತು, ಅಷ್ಟೇ! ಇಲ್ಲೂ ನೀರು ಪರೀಕ್ಷಿಸಿ ಬೋರ್ಡ್ ಹಾಕುವಷ್ಟರಲ್ಲಿ ಗಾಳಿ ಪಾಚಿಯನ್ನು ಇನ್ನೊಂದು ದಂಡೆಗೆ ತಳ್ಳಿರುತ್ತದೆ. ಬೋರ್ಡ್ ಇಲ್ಲ ಅಂತ ಜನ ಸುಮ್ನೆ ನಾಯಿ ಬಿಡುತ್ತಾರೆ. ನಾನೂ ಬಿಟ್ಟಿದ್ದೇನೆ.

ಕಾಕಾ ಕುರಿಗಳಿಗೆ ಯಾವಾಗಲೂ ಗಾಳಿ ಬರುವ ಕಡೆಯಿಂದಲೇ ನೀರು ಕುಡಿಸುತ್ತಿದ್ದರು, ಪಾಚಿ ಎದುರು ದಂಡೆಗೆ ಸರಿದಿರುತ್ತದಲ್ವಾ. ಆ ಕಣ್ಣು ಯಾವ ಬೋರ್ಡಿಗೂ ಇಲ್ಲ. ಆದರೆ ಅದು ಕುರಿಗೆ ಮಾತ್ರ. "ನಾಯಿಗೇನಾಗ್ತೈತಿ, ಎಲ್ಲಾ ಅರಗಿಸ್ಕೊಂತೈತಿ."

ಹೋದ ವಾರ ಫೋನಿನಲ್ಲಿ ಕಾಕಾಗೆ ಹೇಳಿದೆ: ಯಾವ ಪಾಚಿಯಲ್ಲಿ ವಿಷ ಇದೆ ಅಂತ ನೋಡಿ ಹೇಳೋಕಾಗಲ್ಲ, ಹಸಿರು ಕಂಡರೆ ನಾಯಿಯನ್ನೂ ಬಿಡಬೇಡಿ. ಇಳಿದೇಬಿಟ್ಟರೆ ನೆಕ್ಕುವ ಮೊದಲೇ ಚೊಲೋ ನೀರಿಂದ ತೊಳೀರಿ. ಜೊಲ್ಲು, ವಾಂತಿ, ತೂರಾಟ ಕಂಡರೆ ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ, ಈ ವಿಷ ಇಳಿಸುವ ಮದ್ದು ಇಲ್ಲ, ಅದಕ್ಕೇ ಬೇಗ ಹೋಗಬೇಕು.

ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾರ ಕರಿಯಂದು ಹಾವಲ್ಲೇನು?" ಎಂದರು.