ಓದದ ಪುಸ್ತಕಕ್ಕೇ ಒಳ್ಳೆ ರೇಟು

ಹಳೆ ಪಠ್ಯಪುಸ್ತಕದ ವ್ಯಾಪಾರದಲ್ಲಿ ಒಂದು ವಿಚಿತ್ರ ನ್ಯಾಯವಿದೆ. ವರ್ಷವಿಡೀ ಓದಿ, ಗೆರೆ ಎಳೆದು, ಅಂಚಿನಲ್ಲೆಲ್ಲ ಬರೆದು, ಬೈಂಡು ಸಡಿಲಾದ ಪುಸ್ತಕಕ್ಕೆ ಪುಡಿಗಾಸು ಸಿಗುತ್ತದೆ. ಪರೀಕ್ಷೆ ಮುಗಿದರೂ ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇರುವ ಪುಸ್ತಕಕ್ಕೆ ಮಾತ್ರ ಒಳ್ಳೆ ರೇಟು. ರ‍್ಯಾಂಕ್ ಬಂದ ಹುಡುಗಿಗೆ ನಷ್ಟ, ಹಿಂದಿನ ಬೆಂಚಿನವನಿಗೆ ಲಾಭ! ಅಂಗಡಿಯವರು ಹೆಬ್ಬೆರಳಿನಿಂದ ಪುಟಗಳನ್ನು ಪುರ್ರನೆ ಹಾರಿಸಿ ನೋಡಿ, "ನೀಟಾಗಿದೆ" ಅಂದರೆ ಮಾರುವವನು ಖುಷಿಪಡಬಹುದು. ಪಕ್ಕದಲ್ಲಿ ಅಪ್ಪ ನಿಂತಿದ್ದರೆ ಮಾತ್ರ ಕಷ್ಟ.

ಬೆಂಗಳೂರಿನಲ್ಲಿ ಈ ವ್ಯಾಪಾರ ಅಂದರೆ ಅವೆನ್ಯೂ ರಸ್ತೆ. ಮೈಸೂರು ಬ್ಯಾಂಕ್ ಸರ್ಕಲ್‌ನಲ್ಲಿ ಇಳಿದು ಮಾರ್ಕೆಟ್ ಕಡೆ ಹೆಜ್ಜೆ ಹಾಕಿದರೆ ಸಾಕು. (ಆ ಬ್ಯಾಂಕು 2017ರಲ್ಲೇ ಸ್ಟೇಟ್ ಬ್ಯಾಂಕಿನಲ್ಲಿ ಕರಗಿಹೋಯಿತು, ಸರ್ಕಲ್ ಮಾತ್ರ ಕರಗಲಿಲ್ಲ.) ಸೆಂಟ್ರಲ್ ಕಾಲೇಜು, ಸೈನ್ಸ್ ಕಾಲೇಜು, ಯುವಿಸಿಇ, ಮಹಾರಾಣಿ ಎಲ್ಲ ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿವೆ. ಗಿರಾಕಿಗಳಿಗೆ ಬರ ಎಲ್ಲಿಂದ ಬರಬೇಕು? ಭಾನುವಾರ ದೊಡ್ಡ ಅಂಗಡಿಗಳ ಶಟರ್ ಇಳಿದಾಗ ಅದರ ಮುಂದೆಯೇ, ಫುಟ್‌ಪಾತಿನ ಮೇಲೆ, ಪುಸ್ತಕಗಳ ರಾಶಿ ಬೀಳುತ್ತದೆ.

ಅಲ್ಲಿ ಲೇಖಕರು ಯಾರು ಅಂತ ಯಾರೂ ಮೊದಲು ಕೇಳಲ್ಲ. ಕೇಳುವುದು ಒಂದೇ: "ಯಾವ ಸ್ಕೀಮಪ್ಪಾ?"

ಇಂಜಿನಿಯರಿಂಗ್ ಓದಿದವರಿಗೆ ಇದರ ಬಿಸಿ ಗೊತ್ತು. ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ ವಿಟಿಯು ಶುರುವಾದದ್ದು 1998ರಲ್ಲಿ. ಆಮೇಲೆ ಆಗಾಗ ಸಿಲಬಸ್, ಅಂದರೆ ಸ್ಕೀಮು, ಬದಲಾಗುತ್ತಲೇ ಬಂತು. 2015ರ ಸ್ಕೀಮು, 2018ರ ಸ್ಕೀಮು, 2021ರದ್ದು, ಅದರ ಬೆನ್ನಿಗೇ 2022ರದ್ದು. ಸ್ಕೀಮು ಬದಲಾದ ಮಾತ್ರಕ್ಕೆ ಓಮನ ನಿಯಮವೇನೂ ಬದಲಾಗಲ್ಲ, ಕರೆಂಟು ಮೊದಲಿನ ಹಾಗೇ ಹರಿಯುತ್ತದೆ. ಆದರೆ ಮೂರನೇ ಮಾಡ್ಯೂಲಿನಲ್ಲಿದ್ದ ಪಾಠ ಒಂದಕ್ಕೆ ಬಂದಿರುತ್ತದೆ, ಸಬ್ಜೆಕ್ಟ್ ಕೋಡ್ ಬೇರೆಯಾಗಿರುತ್ತದೆ. ಅಷ್ಟಕ್ಕೇ ಪುಸ್ತಕದ ಬೆಲೆ ಬಿದ್ದುಹೋಗುತ್ತದೆ. ಎಷ್ಟೋ ಅಂಗಡಿಯವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಯಾವ ಸೆಮ್ಮಿಗೆ ಯಾವ ಪುಸ್ತಕ, ಯಾವುದು ಹೋಯಿತು, ಯಾವುದು ಇನ್ನೂ ನಡೆಯುತ್ತಿದೆ ಅನ್ನುವುದು ಅವರಿಗೆ ಬಾಯಿಪಾಠ. ನಮ್ಮ ಮೇಷ್ಟ್ರಿಗೂ ಅಷ್ಟು ಗೊತ್ತಿತ್ತೋ ಇಲ್ಲವೋ.

ಒಂದೊಂದು ವಿಷಯದ ಪುಸ್ತಕಕ್ಕೆ ಒಂದೊಂದು ಆಯಸ್ಸು. ಗಣಿತದ ಪುಸ್ತಕಕ್ಕೆ ಸಾವೇ ಇಲ್ಲ. ಅಪ್ಪ ಕಲಿತ ಇಂಟಿಗ್ರೇಶನ್ನನ್ನು ಮಗಳೂ ಕಲಿಯಬಹುದು, ಅದೇ ಪ್ರತಿಯಲ್ಲಿ, ಅಪ್ಪ ತಪ್ಪು ಮಾಡಿದ ಅದೇ ಲೆಕ್ಕದಲ್ಲಿ. ಬಿಕಾಂನ ಇನ್‌ಕಮ್ ಟ್ಯಾಕ್ಸ್ ಪುಸ್ತಕದ ಪಾಡು ಪಾಪ. ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಬಜೆಟ್ ಓದಲು ಎದ್ದು ನಿಂತರೆ ಅದಕ್ಕೆ ಎದೆ ಢವಢವ. ಸ್ಲ್ಯಾಬ್ ಬದಲಾಯಿತೋ, ಹಳೆ ಲೆಕ್ಕಗಳಿಗೆಲ್ಲ ಹೊಸ ಉತ್ತರ.

ಕಾನೂನಿನ ಪುಸ್ತಕದ್ದು ಇನ್ನೊಂದು ಕಥೆ. 1860ರ ಇಂಡಿಯನ್ ಪೀನಲ್ ಕೋಡ್ (ಐಪಿಸಿ) ನೂರೈವತ್ತು ವರ್ಷ ದಾಟಿ ಗಟ್ಟಿಯಾಗಿ ನಿಂತಿತ್ತು. ಎಷ್ಟೋ ತಲೆಮಾರಿನ ಹುಡುಗರು ಕೊಲೆ ಅಂದರೆ 302, ಮೋಸ ಅಂದರೆ 420 ಅಂತ ಕಂಠಪಾಠ ಮಾಡಿದರು. 2024ರ ಜುಲೈ 1ರಂದು ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಕೊಲೆ 103 ಆಯಿತು, ಮೋಸ 318 ಆಯಿತು. ಐಪಿಸಿ ಪುಸ್ತಕ ಇಟ್ಟುಕೊಂಡಿದ್ದ ಹುಡುಗರು ಅದನ್ನು ಮಾರೋಣವೆಂದರೆ ಕೊಳ್ಳುವ ಜೂನಿಯರ್ ಇಲ್ಲ. ಹಾಗಂತ ಕೆಜಿ ಲೆಕ್ಕಕ್ಕೆ ಹಾಕಬೇಡಿ. ಆ ತಾರೀಖಿಗಿಂತ ಮುಂಚೆ ನಡೆದ ಅಪರಾಧಗಳ ಕೇಸು ಇನ್ನೂ ಹಳೆ ಸೆಕ್ಷನ್ನಿನಲ್ಲೇ ನಡೆಯಬೇಕು. ನಮ್ಮ ಕೋರ್ಟುಗಳ ವೇಗ ನೋಡಿದರೆ ಆ ಪುಸ್ತಕಕ್ಕೆ ಇನ್ನೂ ಎಷ್ಟೋ ವರ್ಷ ಕೆಲಸವಿದೆ.

ನನ್ನನ್ನು ಕೇಳಿದರೆ ಗೆರೆ ಎಳೆದ ಪುಸ್ತಕವೇ ವಾಸಿ. ಯಾರೋ ಸೀನಿಯರ್ ಪೆನ್ಸಿಲಿನಲ್ಲಿ "ವೆರಿ ಇಂಪಾರ್ಟೆಂಟ್" ಅಂತ ಬರೆದು ಮೂರು ಸ್ಟಾರ್ ಹಾಕಿರುತ್ತಾರೆ. ಇನ್ನೊಂದು ಪುಟದಲ್ಲಿ "ಇದು ಬರಲ್ಲ, ಬಿಡು" ಅಂತ ಧೈರ್ಯ ತುಂಬಿರುತ್ತಾರೆ. ಇಷ್ಟನ್ನು ಟ್ಯೂಶನ್ನಿನಲ್ಲಿ ಹೇಳಿಸಿಕೊಳ್ಳಬೇಕಾದರೆ ಸಾವಿರಾರು ರೂಪಾಯಿ. ಫ್ಲೋರೆಸೆಂಟ್ ಹೈಲೈಟರ್ ಬಳಸಿದವರ ಪುಸ್ತಕ ಮಾತ್ರ ಬೇಡ. ಅವರಿಗೆ ಎಲ್ಲವೂ ಮುಖ್ಯ. ಇಡೀ ಪುಟ ಹಳದಿ, ಮುಂದಿನ ಪುಟವೂ ಹಳದಿ, ಮೂರನೇ ಅಧ್ಯಾಯದ ಹೊತ್ತಿಗೆ ಇಂಕೂ ಇಲ್ಲ, ಉತ್ಸಾಹವೂ ಇಲ್ಲ.

ಅಗ್ಗದ ಪುಸ್ತಕದ ವ್ಯಾಪಾರ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಇಂಜಿನಿಯರಿಂಗ್, ಎಂಬಿಎ ಪುಸ್ತಕಗಳ ಹಿಂದೆ ಭಾರತ, ನೇಪಾಳ, ಬಾಂಗ್ಲಾದೇಶಗಳಲ್ಲಿ ಮಾತ್ರ ಮಾರಾಟಕ್ಕೆ ಅಂತ ಅಚ್ಚಾಗಿರುವುದನ್ನು ನೋಡಿದ್ದೀರಲ್ವಾ? ಅಂಥ ಅಗ್ಗದ ಮುದ್ರಣಗಳು ಥಾಯ್ಲೆಂಡಿನಲ್ಲೂ ಸಿಗುತ್ತಿದ್ದವು. ಅಮೆರಿಕಕ್ಕೆ ಓದಲು ಹೋದ ಸುಪಾಪ್ ಕಿರ್ತ್‌ಸೆಂಗ್ ಅನ್ನುವವನು ಅವನ್ನು ಮನೆಯವರಿಂದ ತರಿಸಿಕೊಂಡು ಅಲ್ಲಿ ಮಾರಿದ. ವೈಲಿ ಪ್ರಕಾಶನದವರು ಕೇಸು ಹಾಕಿದರು. 2013ರಲ್ಲಿ ಆರು ನ್ಯಾಯಮೂರ್ತಿಗಳು ಅವನ ಪರ ನಿಂತರು, ಮೂವರು ವಿರುದ್ಧ. ದುಡ್ಡು ಕೊಟ್ಟು ಕೊಂಡ ಅಸಲಿ ಪುಸ್ತಕವನ್ನು, ಅದು ಎಲ್ಲೇ ಅಚ್ಚಾಗಿರಲಿ, ಮಾರಬಹುದು ಅಂದರು. ನಮ್ಮ ಹುಡುಗರು ಎಂಎಸ್‌ಗೆ ಹೊರಡುವಾಗ ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಪಕ್ಕ ಇಂಥವೇ ಪುಸ್ತಕ ತುಂಬಿಕೊಳ್ಳುತ್ತಿದ್ದರು. ತೂಕ ಜಾಸ್ತಿಯಾದರೆ ಏರ್‌ಪೋರ್ಟಿನಲ್ಲಿ ಹೊರಗೆ ಬರುತ್ತಿದ್ದದ್ದು ಪುಸ್ತಕವೇ, ಚಟ್ನಿಪುಡಿಯಲ್ಲ.

ಕಾಲೇಜಿನೊಳಗಿನ ವ್ಯಾಪಾರಕ್ಕೆ ಅಂಗಡಿಯೇ ಬೇಕಿಲ್ಲ. ಮೊದಲ ವರ್ಷ ಮುಗಿದ ಕೂಡಲೇ ಹಾಸ್ಟೆಲ್ ರೂಮಿನಿಂದ ರೂಮಿಗೆ ಸಾಮಾನು ಕೈ ಬದಲಾಯಿಸುತ್ತದೆ. ಹಿಂದೆಲ್ಲ ಇಂಜಿನಿಯರಿಂಗ್ ಡ್ರಾಯಿಂಗಿಗೆ ಗೆರೆ ಎಳೆಯುವ ಡ್ರಾಫ್ಟರ್ ಕೂಡ ಹೀಗೇ ತಿರುಗುತ್ತಿತ್ತು. ಡ್ರಾಯಿಂಗ್ ಕಂಪ್ಯೂಟರಿಗೆ ಹೋದ ಮೇಲೆ ಅದನ್ನು ಕೇಳುವವರು ಕಡಿಮೆ. ಪುಸ್ತಕದ ಮಾತುಕತೆ ಹೀಗಿರುತ್ತದೆ:

"ಅಣ್ಣಾ, ಮುನ್ನೂರಕ್ಕೆ ಕೊಡಿ."

"ನಾನೂರು. ಮಸಾಲೆ ದೋಸೆ ಕೊಡಿಸಿದರೆ ಮುನ್ನೂರೈವತ್ತು."

ದೋಸೆ ತಿನ್ನುತ್ತ ಪುಸ್ತಕದಲ್ಲಿಲ್ಲದ ಸಂಗತಿಗಳೂ ಜೂನಿಯರ್ ಕಿವಿಗೆ ಬೀಳುತ್ತವೆ. ಯಾವ ಲೆಕ್ಚರರ್ ಇಂಟರ್ನಲ್ಸ್‌ನಲ್ಲಿ ಕೈ ಬಿಗಿ, ಯಾರ ವೈವಾಕ್ಕೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಬೇಕು, ಇತ್ಯಾದಿ. ಈಗ ಅದೆಲ್ಲ ಯಾಕೆ ಅಂತ ಸೀನಿಯರ್‌ಗಳು ವಾಟ್ಸಾಪಿನಲ್ಲಿ ಪಿಡಿಎಫ್ ಲಿಂಕ್ ಕಳಿಸಿಬಿಡುತ್ತಾರೆ. ಜೂನಿಯರ್ ಒಂದು ಹೆಬ್ಬೆರಳು ಒತ್ತಿ ಸುಮ್ನಾಗುತ್ತಾನೆ. ದೋಸೆಯ ಮಾತೇ ಇಲ್ಲ.