ತುಕ್ಕು ಮಾಡಿದ ತಪ್ಪೇನು?

ಬೆಂಗಳೂರಿನ ಯಾವ ಮನೆಯಲ್ಲಾದರೂ ಸರಿ, ಗೇಟಿನ ಚಿಲಕ ಬೆರಳಿಗೆ ಗೀರಿತು ಅನ್ನಿ, ಮೊದಲ ಪ್ರಶ್ನೆ 'ನೋವಾಯ್ತಾ?' ಅಂತ ಅಲ್ಲ. 'ತುಕ್ಕು ಹಿಡಿದಿತ್ತಾ?' ಹೌದು ಅಂದರೆ ಮುಗೀತು, ಧನುರ್ವಾಯು (ಟೆಟನಸ್) ಬಾರದಿರಲಿ ಅಂತ ಚಪ್ಪಲಿ ಮೆಟ್ಟಿಕೊಂಡು ಟಿಟಿ ಇಂಜೆಕ್ಷನ್‌ಗೆ ಹೊರಡಬೇಕು. ಇಲ್ಲ, ಹೊಸ ಸ್ಟೀಲು ಅಂದರೆ 'ಹಾಗಾದ್ರೆ ಏನೂ ಆಗಲ್ಲ ಬಿಡು.'

ಅದೇ ಮನೆಯ ಅಡುಗೆಮನೆಗೆ ಬನ್ನಿ. ಈಳಿಗೆಮಣೆಯ ಅಲಗು ಕಂದುಬಣ್ಣಕ್ಕೆ ತಿರುಗಿ ಕಾಲವಾಗಿದೆ. ಕಬ್ಬಿಣದ ಹೆಂಚನ್ನು ನಾಲ್ಕು ದಿನ ಮರೆತರೆ ಕೆಂಪು ಪುಡಿ ಏಳುತ್ತದೆ. ಅಮ್ಮ ಅದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಸವರಿ, ದೋಸೆ ಹುಯ್ಯುತ್ತಾರೆ. 'ಕಬ್ಬಿಣದ ಅಂಶ ಕಣೋ, ರಕ್ತಕ್ಕೆ ಒಳ್ಳೇದು.' ಗೇಟಿನಲ್ಲಿದ್ದರೆ ವಿಷ, ಹೆಂಚಿನಲ್ಲಿದ್ದರೆ ಟಾನಿಕ್!

ಪಾಪದ ತುಕ್ಕು. ಕಬ್ಬಿಣಕ್ಕೆ ನೀರು, ಗಾಳಿ ತಾಗಿ ಆಗುವಂಥದ್ದು, ಅಷ್ಟೇ. ಧನುರ್ವಾಯು ತರುವುದು ಕ್ಲಾಸ್ಟ್ರಿಡಿಯಂ ಟೆಟನಿ ಎಂಬ ಬ್ಯಾಕ್ಟೀರಿಯಾ. ಅದರ ಬೀಜಕಣಗಳು ಇರುವುದು ಮಣ್ಣಿನಲ್ಲಿ, ಧೂಳಿನಲ್ಲಿ, ಸಗಣಿ-ಲದ್ದಿಯಲ್ಲಿ. 1884ರಲ್ಲೇ ಆರ್ಥರ್ ನಿಕೊಲಾಯರ್ ಎಂಬ ಜರ್ಮನ್ ವೈದ್ಯ ಪ್ರಾಣಿಗಳ ಮೈಗೆ ಮಣ್ಣು ಸೇರಿಸಿ ಈ ಕಾಯಿಲೆ ಬರಿಸಿ ತೋರಿಸಿದ್ದ. ಮೊಳೆ ಬೇಕಾಗಲಿಲ್ಲ.

ಈ ಬ್ಯಾಕ್ಟೀರಿಯಾಗೆ ಗಾಳಿ ಆಗಿಬರುವುದಿಲ್ಲ. ಆಳವಾಗಿ ಚುಚ್ಚಿ, ಮೇಲೆ ಬೇಗ ಮುಚ್ಚಿಕೊಳ್ಳುವ ಗಾಯ ಸಿಕ್ಕಿದರೆ ಅದಕ್ಕೆ ಹಬ್ಬ. ಮಣ್ಣಿನಲ್ಲಿ ಬಿದ್ದಿದ್ದ ಮೊಳೆ ಪಾದಕ್ಕೆ ನಾಟಿದರೆ ಆಗುವುದು ಅಂಥದ್ದೇ ಗಾಯ. ಹೊರಗೆ ಬಿದ್ದ ಮೊಳೆ ಹೇಗೂ ತುಕ್ಕು ಹಿಡಿದಿರುತ್ತದೆ. ಕಣ್ಣಿಗೆ ಕಂಡದ್ದು ಅದೇ ಅಲ್ವಾ, ತಪ್ಪು ಅದರ ತಲೆಗೇ ಬಂತು. ನನ್ನನ್ನು ಕೇಳಿದರೆ ಬಾಲ್ಕನಿಯಲ್ಲಿ ಅನುಮಾನ ಪಡಬೇಕಾದ್ದು ಗ್ರಿಲ್ ಮೇಲಲ್ಲ, ಕೊಟ್ಟಿಗೆ ಗೊಬ್ಬರ ತುಂಬಿದ ಗುಲಾಬಿ ಕುಂಡದ ಮೇಲೆ. ಮುಳ್ಳೂ ಅಲ್ಲೇ, ಸಗಣಿಯೂ ಅಲ್ಲೇ.

ತಮಾಷೆ ಎಂದರೆ, ಮೈದಾನದಲ್ಲಿ ಕ್ರಿಕೆಟ್ ಆಡುತ್ತಾ ಮಂಡಿ ತರಚಿದಾಗ ನಾವೆಲ್ಲ ಮಾಡುತ್ತಿದ್ದುದು ನುಣುಪು ಮಣ್ಣು ಹುಡುಕಿ ಮೆತ್ತುವುದು! ರಕ್ತ ನಿಲ್ಲುತ್ತಿತ್ತು, ಆಟ ನಿಲ್ಲುತ್ತಿರಲಿಲ್ಲ. ಮನೆಯಲ್ಲಾದರೆ ಕಾಫಿಪುಡಿ. ಸೋಪು, ನಲ್ಲಿ ನೀರು ಮಾತ್ರ ಯಾರಿಗೂ ಔಷಧಿ ಅನ್ನಿಸಲೇ ಇಲ್ಲ.

ಇಂಜೆಕ್ಷನ್ ಸುಮ್ನೆ ಅಂತ ಹೇಳುತ್ತಿಲ್ಲ. ಕಾಯಿಲೆ ಬಂದರೆ ದವಡೆ ಬಿಗಿದು, ಮೈಯೆಲ್ಲ ಸೆಟೆದು, ಜೀವಕ್ಕೇ ಕುತ್ತು. ಒಮ್ಮೆ ಬಂದು ಹೋದರೂ ಮತ್ತೆ ಬರಬಹುದು, ಹಾಗಾಗಿ ಲಸಿಕೆಯೇ ಗತಿ. ಆದರೆ ಒಂದು ಟಿಟಿಗೆ ಆರು ತಿಂಗಳ ವಾರಂಟಿ ಎಂಬ ನಂಬಿಕೆ ನಮ್ಮಲ್ಲಿ ಜಾಸ್ತಿ. ಚಿಕ್ಕಂದಿನ ಡೋಸುಗಳೆಲ್ಲ ಸರಿಯಾಗಿ ಆಗಿದ್ದರೆ ಬೂಸ್ಟರ್ ಬೇಕಾಗುವುದು 10 ವರ್ಷಕ್ಕೊಮ್ಮೆ. ಗಾಯ ಕೊಳಕಾಗಿದ್ದು, ಕೊನೆಯ ಡೋಸಿಗೆ 5 ವರ್ಷ ದಾಟಿದ್ದರೆ ಆಗಲೇ ಒಂದು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಟಿಟಿ ಬದಲು ಟಿಡಿ ಕೊಡುತ್ತಾರೆ, ಅದರಲ್ಲಿ ಡಿಫ್ತೀರಿಯಾಕ್ಕೂ ರಕ್ಷಣೆ ಇದೆ. ಹೆಂಗಸರಿಗೆ ಬಸುರಿಯಾದಾಗಲಾದರೂ ಕರೆದು ಹಾಕುತ್ತಾರೆ. ಗಂಡಸರನ್ನು ಹೈಸ್ಕೂಲು ದಾಟಿದ ಮೇಲೆ ಕೇಳುವವರೇ ಇಲ್ಲ.

ನಮ್ಮ ರಸ್ತೆಗೆ ಬರುವ ಗುಜರಿಯವನು ಬರಿಗೈಯಲ್ಲೇ ಕಬ್ಬಿಣ ಎತ್ತಿ ಚೀಲಕ್ಕೆ ಹಾಕುತ್ತಾನೆ. ಬೆರಳ ತುಂಬ ಹಳೇ ಗೀರುಗಳು. ಮೊನ್ನೆ ಮುರಿದ ಕಿಟಕಿ ಸರಳುಗಳನ್ನು ತೂಕಕ್ಕೆ ಹಾಕುವಾಗ, "ತುಕ್ಕು ಜಾಸ್ತಿ ಇದೆ, ನೋಡ್ಕೊಳಪ್ಪಾ" ಅಂದೆ. ಅವನು ತಲೆಯಾಡಿಸಿದ. "ಗೊತ್ತು ಸಾರ್, ಅದಕ್ಕೇ ಅರ್ಧ ಕೆಜಿ ಕಳೀತೀನಿ."