ಹಂತ ಬರೆಯದಿದ್ದರೆ ಅಂಕವಿಲ್ಲ

ನಾಲ್ಕು ಅಂಕದ ಲೆಕ್ಕದಲ್ಲಿ ಉತ್ತರಕ್ಕೆ ಸಿಗುವುದು ಒಂದೇ ಅಂಕ, ಉಳಿದ ಮೂರೂ ಹಂತಗಳ ಪಾಲು. ಹೀಗಾಗಿ ಸಂಜೆಯಾದರೆ ನಮ್ಮ ಮನೆಯಲ್ಲಿ ಜಗಳ ಗ್ಯಾರಂಟಿ. ಮಗಳು ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ಉತ್ತರ ಹೇಳಿಬಿಡುತ್ತಾಳೆ. ಆಮೇಲೆ ಅರ್ಧ ಗಂಟೆ ಕೂತು, ಆ ಉತ್ತರದ ಮುಖವನ್ನೇ ನೋಡಿಲ್ಲದವಳ ಹಾಗೆ ನಟಿಸುತ್ತಾ ಹಂತ ಬರೆಯಬೇಕು. ನಡುನಡುವೆ ‘ಆದ್ದರಿಂದ’ ಎನ್ನಲು ಮೂರು ಚುಕ್ಕಿ. ಆ ಮೂರು ಚುಕ್ಕಿ ಬಿದ್ದರೆ ಎಂಥ ಅನುಮಾನದ ಸಾಲಿಗೂ ಗಾಂಭೀರ್ಯ ಬಂದುಬಿಡುತ್ತದೆ.

ಹಂತ ಬೇಕೇ ಬೇಕು ಎನ್ನುವ ಪಕ್ಷ ನನ್ನದು. ಆ ಪಕ್ಷಕ್ಕೆ ದೊಡ್ಡ ಏಟು ಕೊಟ್ಟಿದ್ದು 16/64.

‘ಸಂಕ್ಷೇಪಿಸಿ’ ಎಂದಿತ್ತು. ಅವಳು ಮೇಲಿನ 6ಕ್ಕೆ ಒಂದು ಗೆರೆ ಎಳೆದಳು, ಕೆಳಗಿನ 6ಕ್ಕೆ ಇನ್ನೊಂದು. ಉಳಿದದ್ದು 1/4.

“ಹಾಗೆಲ್ಲ ಹೊಡೆದು ಹಾಕೋ ಹಾಗಿಲ್ಲಮ್ಮ.”

“ಉತ್ತರ ಸರಿ ತಾನೆ?”

“ಸರಿ.”

“ಮತ್ತೇನಪ್ಪಾ?”

ಮೇಲಿನ 6 ಬಿಡಿ ಸ್ಥಾನದ್ದು, ಕೆಳಗಿನದು ಹತ್ತರ ಸ್ಥಾನದ್ದು, ಅಂದರೆ ಅರವತ್ತು; ಎರಡನ್ನೂ 16ರಿಂದ ಭಾಗಿಸಿದರೆ ಮಾತ್ರ ನ್ಯಾಯವಾಗಿ 1/4 ಬರುತ್ತದೆ ಎಂದು ವಿವರಿಸಿದೆ. ನಂಬಿಕೆ ಬರಲಿ ಎಂದು 12/24 ಕೊಟ್ಟೆ. ಅಲ್ಲಿ 2 ಹೊಡೆದರೆ 1/4 ಉಳಿಯುತ್ತದೆ, ನಿಜವಾದ ಉತ್ತರ 1/2. ಅವಳು ಸೋಲೊಪ್ಪಲಿಲ್ಲ. ರಫ್ ಪುಟದಲ್ಲಿ ಹುಡುಕಾಡಿ 19/95 ತಂದಳು. 9 ಹೊಡೆದರೆ 1/5. ಸರಿಯಾಗಿಯೇ ಇದೆ! ಆಮೇಲೆ 26/65, ಅದೂ 2/5. ಕೊನೆಗೆ 49/98: 4/8, ಅಂದರೆ ಅರ್ಧ. ಒಂದೇ ಅಂಕಿ ಎರಡು ಸಲ ಬರುವ 11, 22ರಂಥವನ್ನೂ ಸೊನ್ನೆಯಲ್ಲಿ ಮುಗಿಯುವವನ್ನೂ ಬಿಟ್ಟರೆ, ಎರಡಂಕಿಯ ಸಮಭಿನ್ನರಾಶಿಗಳಲ್ಲಿ (ಮೇಲಿನ ಸಂಖ್ಯೆ ಕೆಳಗಿನದಕ್ಕಿಂತ ಚಿಕ್ಕದಿರುವವು) ಹೀಗೆ ಅಡ್ಡದಾರಿಯಲ್ಲಿ ಸರಿಯಾದ ಮನೆ ಸೇರುವವು ಈ ನಾಲ್ಕೇ. ನಾಲ್ಕೂ ಒಂದೇ ಸಂಜೆ ನನ್ನ ಮನೆಗೆ ಬರಬೇಕೇ?

ಮರುದಿನ ತದ್ವಿರುದ್ಧ ಫಜೀತಿ. 5 ಜನ 12 ದಿನದಲ್ಲಿ ಒಂದು ಗೋಡೆ ಕಟ್ಟಿದರೆ, 8 ದಿನದಲ್ಲಿ ಕಟ್ಟಲು ಎಷ್ಟು ಜನ ಬೇಕು? ಅವಳು ಒಂದು ಹಂತವನ್ನೂ ಬಿಡದೆ ಬರೆದಳು. ಐದು ಹನ್ನೆರಡಲೆ ಅರವತ್ತು, ಅದನ್ನು ಎಂಟರಿಂದ ಭಾಗಿಸಿದರೆ ಏಳೂವರೆ. ಎಲ್ಲವೂ ಶುದ್ಧ, ಬಂದವರು ಮಾತ್ರ ಏಳೂವರೆ ಜನ. ಆ ಅರ್ಧ ಮನುಷ್ಯನನ್ನು ನಾನು ದಿಟ್ಟಿಸುತ್ತಿದ್ದಾಗ ಅವಳೇ ಸಮಾಧಾನ ಹೇಳಿದಳು: “ಒಬ್ಬರು ಮಧ್ಯಾಹ್ನಕ್ಕೇ ಮನೆಗೆ ಹೋಗ್ತಾರಪ್ಪ.” ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ದಿನಕ್ಕೆ 8 ಗಂಟೆ ಕೆಲಸವೆಂದು ಹಿಡಿದು, 28,800 ಜನರನ್ನು ನಿಲ್ಲಿಸಿದರೆ ಗೋಡೆ ಒಂದೇ ನಿಮಿಷದಲ್ಲಿ ಮುಗಿಯುತ್ತದೆ ಎಂದು ಅದೇ ಹಂತಗಳಲ್ಲಿ ಸಾಧಿಸಿದಳು. ಲೆಕ್ಕದಲ್ಲಿ ತಪ್ಪಿಲ್ಲ. ಅಷ್ಟು ಜನ ನಿಲ್ಲುವುದಾದರೂ ಎಲ್ಲಿ?

ತೊಟ್ಟಿಯ ಲೆಕ್ಕಕ್ಕೆ ನಾನು ಸಿದ್ಧನಾಗಿಯೇ ಇದ್ದೆ. ಅದು ಹಳೇ ಬಾಧೆ. 1150ರ ಸುಮಾರಿಗೇ ಭಾಸ್ಕರಾಚಾರ್ಯರು ನಾಲ್ಕು ಬುಗ್ಗೆಗಳ ತೊಟ್ಟಿಯೊಂದನ್ನು ಮುಂದಿಟ್ಟಿದ್ದರು. ಬಿಡಿಬಿಡಿಯಾಗಿ ಬಿಟ್ಟರೆ ಒಂದು ದಿನ, ಅರ್ಧ, ಮೂರನೇ ಒಂದು, ಆರನೇ ಒಂದು ದಿನದಲ್ಲಿ ತುಂಬುವವು. ನಾಲ್ಕನ್ನೂ ಒಟ್ಟಿಗೆ ಬಿಟ್ಟರೆ? ದಿನಕ್ಕೆ 1, 2, 3, 6 ತೊಟ್ಟಿ, ಕೂಡಿದರೆ 12. ಹಾಗಾಗಿ ಒಂದು ತೊಟ್ಟಿಗೆ ದಿನದ ಹನ್ನೆರಡನೇ ಒಂದು ಭಾಗ, ಎರಡೇ ಗಂಟೆ. ಹಂತವೆಂದರೆ ಇದು! ಮಗಳಿಗೂ ಹಿಡಿಸಿತು. ಆದರೆ ಅವಳ ಪಠ್ಯದ ತೊಟ್ಟಿಗೆ ಒಂದು ಹೆಚ್ಚುವರಿ ಸೌಲಭ್ಯವಿತ್ತು, ತಳದಲ್ಲಿ ತೂತು. ನಲ್ಲಿ 6 ಗಂಟೆಯಲ್ಲಿ ತುಂಬಿಸುತ್ತದೆ, ತೂತು 12 ಗಂಟೆಯಲ್ಲಿ ಖಾಲಿ ಮಾಡುತ್ತದೆ. ಆರನೇ ಒಂದರಿಂದ ಹನ್ನೆರಡನೇ ಒಂದು ಕಳೆದರೆ ಹನ್ನೆರಡನೇ ಒಂದು, ಆದ್ದರಿಂದ 12 ಗಂಟೆ. ಇದನ್ನು ಹೇಳಿಕೊಟ್ಟು, ನಿನ್ನದೇ ರೀತಿಯಲ್ಲಿ ಬರೆ ಎಂದು ನಾನು ಎದ್ದುಹೋದೆ.

ತಿದ್ದಿದ ಪುಸ್ತಕ ವಾಪಸು ಬಂದಾಗ ಅದರಲ್ಲಿ ಹೀಗಿತ್ತು:

ಹಂತ 1: ತೂತು ಮುಚ್ಚುವುದು.
ಹಂತ 2: ನಲ್ಲಿ ಬಿಡುವುದು.
∴ 6 ಗಂಟೆ.

ಉತ್ತರಕ್ಕೆ ಕೆಂಪು ಶಾಯಿಯ ಅಡ್ಡಗೆರೆ. ಹಂತಗಳಿಗೆ ಒಂದು ಅಂಕ.